ಇಂಗ್ಲಿಷಿನಲ್ಲಿ ನಪಾಸಾದ ಇಂಗ್ಲಿಷ್ ಕಾದಂಬರಿಕಾರ

ನಮ್ಮ ಗುಡಗೇರಿಯ ಸರಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಮಕ್ಕಳಿಗೆ ಉಪಯೋಗವಾಗುವಂಥ ಒಬ್ಬ ದೊಡ್ಡವರ ಜೀವನ ಚರಿತ್ರೆ ಬರೆದುಕೊಡು ಎಂದು ಗುರುಗಳು ಹೇಳಿದರು. ಇಂಥ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಪ್ರತಿ ಪರೀಕ್ಷೆಯಲ್ಲೂ ಮೊದಲ ಸ್ಥಾನ ಪಡೆದವರ, ಬೀದಿ ದೀಪದಡಿ ಓದಿ ಬಂಗಾರದ ಪದಕ ಗೆದ್ದವರ ಕಥೆ ಇರುತ್ತದೆ. ಅವು ಬೇಕು. ಆದರೆ ಒಂದು ತರಗತಿಯಲ್ಲಿ ಮೊದಲ ಸ್ಥಾನ ಒಬ್ಬರಿಗೇ ಸಿಗುವುದು. ಉಳಿದವರಿಗೆ, ಅದರಲ್ಲೂ ಫಲಿತಾಂಶದ ದಿನ ನೋಟಿಸ್ ಬೋರ್ಡಿನಲ್ಲಿ ತಮ್ಮ ನಂಬರು ಕಾಣದೆ ಮನೆಗೆ ಹೋಗಲು ಅಂಜಿ ನಿಂತವರಿಗೆ ಯಾರ ಕಥೆ ಹೇಳಬೇಕು ಎಂದು ಯೋಚಿಸಿದಾಗ ನನಗೆ ನೆನಪಾದವರು ಆರ್.ಕೆ. ನಾರಾಯಣ್.

ಅವರ ಹೆಸರು ಕೇಳದವರೂ 'ಮಾಲ್ಗುಡಿ ಡೇಸ್' ಧಾರಾವಾಹಿ ಬಲ್ಲರು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ 1980ರ ದಶಕದಲ್ಲಿ ದೂರದರ್ಶನಕ್ಕೆ ಕೊಟ್ಟ ಆ ಧಾರಾವಾಹಿಯನ್ನು ನಮ್ಮ ಊರಿನ ಹಿರಿಯರು ಓಣಿಗೊಂದೇ ಟಿ.ವಿ. ಇದ್ದ ಕಾಲದಲ್ಲಿ ಕೂಡಿ ನೋಡಿದವರು. ಟೋಪಿ ಹಾಕಿಕೊಂಡು ಶಾಲೆಗೆ ಹೋಗುವ ಸ್ವಾಮಿ ಎಂಬ ಹುಡುಗನ ಪಾತ್ರ ಮಾಡಿದವನು ಮಾಸ್ಟರ್ ಮಂಜುನಾಥ್. ತಂದೆಯಾಗಿ ಗಿರೀಶ ಕಾರ್ನಾಡರು. ಆ ಸ್ವಾಮಿಯನ್ನು ಹುಟ್ಟಿಸಿದ ಲೇಖಕರೇ ಆರ್.ಕೆ. ನಾರಾಯಣ್. ಇಂಗ್ಲಿಷ್ ಭಾಷೆಯಲ್ಲಿ ಬರೆದು ಜಗತ್ತಿನ ತುಂಬ ಹೆಸರಾದ ಈ ಮನುಷ್ಯ ಹೈಸ್ಕೂಲು ಮುಗಿಸಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಕುಳಿತಾಗ ನಪಾಸಾದರು. ನಪಾಸಾದ ವಿಷಯ ಇಂಗ್ಲಿಷ್.

ಅಜ್ಜಿಯ ಮನೆಯ ಪಾಠ

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು ಮದ್ರಾಸಿನಲ್ಲಿ. ಮನೆಮಾತು ತಮಿಳು. ಪೂರ್ಣ ಹೆಸರು ರಾಸಿಪುರಂ ಕೃಷ್ಣಸ್ವಾಮಿ ಅಯ್ಯರ್ ನಾರಾಯಣಸ್ವಾಮಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದ ಸರಕಾರಿ ಹೈಸ್ಕೂಲುಗಳಲ್ಲಿ ಮುಖ್ಯೋಪಾಧ್ಯಾಯರು. ಸರಕಾರಿ ನೌಕರಿ ಎಂದರೆ ವರ್ಗಾವಣೆ ತಪ್ಪಿದ್ದಲ್ಲ. ಮನೆಯಲ್ಲಿ ಮಕ್ಕಳೂ ಬಹಳ. ಹೀಗಾಗಿ ನಾರಾಯಣ್ ಚಿಕ್ಕವರಿದ್ದಾಗ ಮದ್ರಾಸಿನ ಪುರಸವಾಕಂನಲ್ಲಿದ್ದ ಅಜ್ಜಿಯ ಮನೆಯಲ್ಲೇ ಬೆಳೆದರು. ಅಜ್ಜಿ ಪಾರ್ವತಿಯನ್ನು ಎಲ್ಲರೂ ಅಮ್ಮಣಿ ಎನ್ನುತ್ತಿದ್ದರು. ಮೊಮ್ಮಗನನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಕುಂಜಪ್ಪ ಎಂದು.

ಆ ಮನೆಯಲ್ಲಿ ಆಟಕ್ಕೆ ಒಂದು ನವಿಲು, ಒಂದು ಮಂಗ ಇದ್ದವು. ಶಾಲೆಯಲ್ಲಿ ಕಲಿತದ್ದು ಸಾಲದೆಂದು ಅಜ್ಜಿ ದಿನಾಲೂ ಕೂಡ್ರಿಸಿಕೊಂಡು ಲೆಕ್ಕ, ಪುರಾಣದ ಕಥೆ, ಸಂಸ್ಕೃತ, ಸಂಗೀತ ಎಲ್ಲವನ್ನೂ ಹೇಳಿಕೊಡುತ್ತಿದ್ದರು. ಮೊದಲು ಹೋದದ್ದು ಮನೆಯ ಹತ್ತಿರದ ಲೂಥರನ್ ಮಿಷನ್ ಶಾಲೆಗೆ. ಮುಂದೆ ಮದ್ರಾಸಿನಲ್ಲೇ ಎರಡು ಹೈಸ್ಕೂಲು ಬದಲಾದವು. ಎಲ್ಲಿಯೂ ಜಾಣ ವಿದ್ಯಾರ್ಥಿ ಎಂದು ಹೆಸರಾಗಲಿಲ್ಲ. ಶಾಲೆಯ ನಾಲ್ಕು ಗೋಡೆ, ಗಂಟೆ, ಬೆತ್ತ, ಬಾಯಿಪಾಠ ಇವುಗಳ ಬಗ್ಗೆ ಅವರಿಗೆ ಜೀವನ ಪೂರ್ತಿ ಅಸಮಾಧಾನವಿತ್ತು. ಅದನ್ನು ಅವರು ಮುಚ್ಚಿಡಲೂ ಇಲ್ಲ.

ತಂದೆಗೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ವರ್ಗವಾದ ಮೇಲೆ ನಾರಾಯಣ್ ಮೈಸೂರಿಗೆ ಬಂದರು. ಅಪ್ಪ ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯಲ್ಲೇ ಮಗನ ಓದು. ಹೆಡ್‌ಮಾಸ್ತರ ಮಗ ಎಂದರೆ ಓಣಿಯವರೆಲ್ಲ ಅಂಕ ಕೇಳುತ್ತಾರೆ ಎಂಬುದು ಈಗಿನಂತೆ ಆಗಲೂ ಇದ್ದ ಮಾತೇ. ಆದರೆ ಆ ಶಾಲೆಯಲ್ಲಿ ಅವರಿಗೆ ಒಂದು ಭಾಗ್ಯ ದೊರೆಯಿತು. ಅದು ಗ್ರಂಥಾಲಯ. ತಂದೆಗೆ ಪುಸ್ತಕದ ಹುಚ್ಚು. ಶಾಲೆಗೆ ಒಳ್ಳೆಯ ಪುಸ್ತಕಗಳಲ್ಲದೆ ಇಂಗ್ಲೆಂಡ್, ಅಮೆರಿಕದ ಮಾಸಪತ್ರಿಕೆಗಳೂ ಬರುತ್ತಿದ್ದವು. ರಜೆ ಬಂತೆಂದರೆ ಮಗ ಅವುಗಳ ನಡುವೆ ಕುಳಿತುಬಿಡುತ್ತಿದ್ದ. ಸ್ಕಾಟ್, ಡಿಕನ್ಸ್, ಹಾರ್ಡಿ, ವುಡ್‌ಹೌಸ್ ಇವರನ್ನೆಲ್ಲ ಓದಿದ್ದು ಆಗಲೇ. ಪಠ್ಯಪುಸ್ತಕ ಮಾತ್ರ ಕೈಗೆ ಹತ್ತುತ್ತಿರಲಿಲ್ಲ.

ನಪಾಸಾದ ವರ್ಷ

ಆ ಕಾಲದ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ಮೈಸೂರು ವಿಶ್ವವಿದ್ಯಾಲಯ ಆರಂಭವಾದದ್ದು 1916ರಲ್ಲಿ. ಹೈಸ್ಕೂಲು ಮುಗಿಸಿದವರು ಕಾಲೇಜಿಗೆ ಹೋಗಬೇಕಾದರೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ದಾಟಬೇಕಿತ್ತು. ನಮ್ಮ ಭಾಗ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಇಲ್ಲಿಯ ಹುಡುಗರು ಮುಂಬೈ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆ ಪಾಸಾಗಬೇಕಿತ್ತು. ಧಾರವಾಡದ ಕರ್ನಾಟಕ ಕಾಲೇಜು ಸಹ 1917ರಲ್ಲಿ ಆರಂಭವಾಗಿ ಮುಂಬೈಗೇ ಸೇರಿತ್ತು. ನಮ್ಮದೇ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಎರಡೂ ಕಡೆ ಇಂಗ್ಲಿಷ್ ಬಾರದೆ ಕಾಲೇಜಿನ ಮೆಟ್ಟಿಲು ಹತ್ತುವಂತಿರಲಿಲ್ಲ. ಎಷ್ಟೋ ಮನೆತನದ ಹುಡುಗರು ಮೆಟ್ರಿಕ್ ಫೇಲ್ ಎಂಬ ಹಣೆಪಟ್ಟಿಯೊಂದಿಗೇ ಮುದುಕರಾದರು.

ನಾರಾಯಣ್ 1925ರ ಸುಮಾರಿಗೆ ಈ ಪ್ರವೇಶ ಪರೀಕ್ಷೆಗೆ ಕುಳಿತರು. ಮನೆತುಂಬ ಇಂಗ್ಲಿಷ್ ಪುಸ್ತಕ, ಅಪ್ಪ ಹೆಡ್‌ಮಾಸ್ತರು, ಮಗನಿಗೆ ಕಾದಂಬರಿ ಓದುವ ಚಟ. ಹೀಗಿದ್ದೂ ಇಂಗ್ಲಿಷಿನಲ್ಲೇ ಹೋಯಿತು. ಪರೀಕ್ಷೆಯ ಇಂಗ್ಲಿಷೇ ಬೇರೆ, ಓದಿ ಸವಿಯುವ ಇಂಗ್ಲಿಷೇ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ವ್ಯಾಕರಣದ ನಿಯಮ, ನಿಗದಿಯಾದ ಪಾಠದ ಸಾರಾಂಶ, ಮಾಸ್ತರು ಬರೆಸಿದ ನೋಟ್ಸು ಇವನ್ನು ಉತ್ತರ ಪತ್ರಿಕೆಯಲ್ಲಿ ಇಳಿಸುವುದು ಒಂದು ವಿದ್ಯೆ. ಭಾಷೆಯನ್ನು ಬಳಸುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೂ ಬೆಲೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮೊದಲನೆಯದು ಬಾರದವನಿಗೆ ಎರಡನೆಯದೂ ಬಾರದು ಎಂದು ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ.

ಕಾಲೇಜಿನ ಬಾಗಿಲು ಒಂದು ವರ್ಷ ಮುಚ್ಚಿತು. ಆ ಇಡೀ ವರ್ಷ ನಾರಾಯಣ್ ಮನೆಯಲ್ಲೇ ಉಳಿದರು. ದುಡಿಯಲು ಕಳಿಸಲಿಲ್ಲ, ಓದು ಬಿಡಿಸಲಿಲ್ಲ. ಬೆಳಿಗ್ಗೆ ಎದ್ದು ಪುಸ್ತಕ ಹಿಡಿದು ಕುಕ್ಕರಹಳ್ಳಿ ಕೆರೆಯ ಕಡೆ ನಡೆಯುವುದು, ಗಿಡದ ನೆರಳಲ್ಲಿ ಕುಳಿತು ಓದುವುದು, ಮನಸ್ಸಿಗೆ ತೋಚಿದ್ದನ್ನು ಬರೆಯುವುದು ಅವರ ದಿನಚರಿಯಾಯಿತು. ಸಾಹಿತ್ಯದ ನಿಜವಾದ ಅಭ್ಯಾಸ ನಡೆದದ್ದು ಆ ನಪಾಸಾದ ವರ್ಷದಲ್ಲಿ. ಮರು ವರ್ಷ, 1926ರಲ್ಲಿ, ಅದೇ ಪರೀಕ್ಷೆ ಪಾಸಾಗಿ ಮಹಾರಾಜಾ ಕಾಲೇಜು ಸೇರಿದರು.

ಅಲ್ಲಿಯೂ ಅವರು ಮಿಂಚಲಿಲ್ಲ. ಪದವಿ ಮುಗಿಸಲು ಸಾಮಾನ್ಯವಾಗಿ ಬೇಕಾಗುವುದಕ್ಕಿಂತ ಒಂದು ವರ್ಷ ಹೆಚ್ಚೇ ತೆಗೆದುಕೊಂಡರು. 1930ರಲ್ಲಿ ಬಿ.ಎ. ಆಯಿತು. ಅದೇ ವರ್ಷಗಳಲ್ಲಿ ಅದೇ ಕಾಲೇಜಿನಲ್ಲಿ ಓದುತ್ತಿದ್ದ ಇನ್ನೊಬ್ಬ ತರುಣ ನಮ್ಮ ಕುವೆಂಪು. ಒಬ್ಬರು ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು. ಇನ್ನೊಬ್ಬರು ಎಂ.ಎ. ಮಾಡಬೇಕೆಂದು ಹೊರಟಾಗ, ಸಾಹಿತ್ಯವನ್ನು ಪಾಠವಾಗಿ ಓದಿದರೆ ಅದರ ಮೇಲಿನ ಪ್ರೀತಿಯೇ ಸತ್ತುಹೋಗುತ್ತದೆ ಎಂದು ಗೆಳೆಯನೊಬ್ಬ ಹೇಳಿದ ಬುದ್ಧಿಮಾತು ಕೇಳಿ ಅರ್ಧ ದಾರಿಯಿಂದ ಹಿಂದಿರುಗಿದರು.

ಮಾಸ್ತರಿಕೆ ಮತ್ತು ಮಾಲ್ಗುಡಿ

ಬಿ.ಎ. ಆದವನಿಗೆ ಅಂದು ಎರಡೇ ದಾರಿ. ಸರಕಾರಿ ಕಾರಕೂನಿಕೆ ಅಥವಾ ಮಾಸ್ತರಿಕೆ. ನಾರಾಯಣ್ ಚನ್ನಪಟ್ಟಣದ ಶಾಲೆಯಲ್ಲಿ ಮಾಸ್ತರಾದರು. ಗದ್ದಲ ಮಾಡುವ ಹುಡುಗರನ್ನು ಹದ್ದುಬಸ್ತಿನಲ್ಲಿಡುವುದು ಅವರಿಂದಾಗಲಿಲ್ಲ. ಡ್ರಿಲ್ ಮಾಸ್ತರು ಬಾರದ ದಿನ ಅವರ ಬದಲಿಗೆ ನೀನು ಹೋಗಿ ಡ್ರಿಲ್ ಮಾಡಿಸು ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಕ್ಕೆ ಸಿಟ್ಟಾಗಿ ನೌಕರಿಗೇ ಶರಣು ಹೊಡೆದು ಮನೆಗೆ ಬಂದರು. ಇನ್ನು ಮೇಲೆ ಬರೆಯುವುದೇ ತನ್ನ ಉದ್ಯೋಗ ಎಂದು ನಿಶ್ಚಯಿಸಿದರು. ಮನೆಯ ಹಿರಿಯ ಗಂಡುಮಕ್ಕಳಲ್ಲೊಬ್ಬ, ಬಿ.ಎ. ಆದವನು, ನೌಕರಿ ಬಿಟ್ಟು ಕಥೆ ಬರೆಯುತ್ತೇನೆಂದರೆ ಬಂಧುಗಳು ಏನೆಂದಿರಬೇಕು ಎಂಬುದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

1930ರಲ್ಲೇ ಬೆಂಗಳೂರಿನಲ್ಲಿ ಅಜ್ಜಿ ನೋಡಿಕೊಟ್ಟ ಒಂದು ಶುಭದಿನ ನೋಟ್‌ಬುಕ್ ತಂದು ಬರೆಯಲು ಕುಳಿತರು. ಮನಸ್ಸಿನಲ್ಲಿ ಮೊದಲು ಮೂಡಿದ್ದು ಒಂದು ಚಿಕ್ಕ ರೈಲು ನಿಲ್ದಾಣ. ಅಲ್ಲೊಂದು ಆಲದ ಮರ, ಒಬ್ಬ ಸ್ಟೇಷನ್ ಮಾಸ್ತರ, ದಿನಕ್ಕೆ ಬಂದು ಹೋಗುವ ಎರಡು ಗಾಡಿ. ಅದಕ್ಕೆ ಮಾಲ್ಗುಡಿ ಎಂಬ ಹೆಸರು ತಾನಾಗಿ ಹೊಳೆಯಿತು. ನಕಾಶೆಯಲ್ಲಿ ಇಲ್ಲದ ಊರು ಅದು. ಆದರೆ ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಕಾಯುತ್ತ ನಮ್ಮ ಗುಡಗೇರಿ ಸ್ಟೇಷನ್ನಿನ ಕಟ್ಟೆಯ ಮೇಲೆ ಕುಳಿತವರಿಗೆ ಮಾಲ್ಗುಡಿ ಯಾವ ತರಹದ ಊರೆಂದು ಓದುವ ಮೊದಲೇ ಗೊತ್ತು. ಧಾರಾವಾಹಿಯ ನೆನಪಿಗೆಂದು ಈಗ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ.

ಆ ನೋಟ್‌ಬುಕ್ಕಿನಲ್ಲಿ ಬೆಳೆದ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್'. ಶಾಲೆಗೆ ಹೋಗಲು ಬೇಸರಪಡುವ, ಪರೀಕ್ಷೆ ಎಂದರೆ ನಡುಗುವ, ಕ್ರಿಕೆಟ್ ಎಂದರೆ ಊಟ ಬಿಡುವ ಹುಡುಗನ ಕಥೆ. ಅದರಲ್ಲಿ ತಂದೆ ಸ್ವಾಮಿಗೆ ಮಾವಿನ ಹಣ್ಣಿನ ಒಂದು ಲೆಕ್ಕ ಹಾಕುತ್ತಾನೆ. ಒಬ್ಬನ ಹತ್ತಿರ ಇಷ್ಟು ಹಣ್ಣು, ಇಷ್ಟು ಆಣೆ ಗಳಿಸಬೇಕು, ಇನ್ನೊಬ್ಬ ಕೆಲವನ್ನಷ್ಟೇ ಕೊಂಡರೆ ಎಷ್ಟು ಕೊಡಬೇಕು ಎಂದು. ಸ್ವಾಮಿಯ ತಲೆ ಲೆಕ್ಕಕ್ಕಿಂತ ಮುಂಚೆ ಆ ಹಣ್ಣು ಮಾಗಿದ್ದವೋ ಇಲ್ಲವೋ ಎಂಬುದರ ಮೇಲೆ ಓಡುತ್ತದೆ. ಓದಿದವರು ನಗುತ್ತಾರೆ. ಆದರೆ ಶನಿವಾರದ ಸಂತೆಯಲ್ಲಾಗಲಿ ಸೋಮವಾರದ ಸಂತೆಯಲ್ಲಾಗಲಿ ಮೆಣಸಿನಕಾಯಿ ಮಾರಲು ಅಪ್ಪನ ಜೊತೆ ಕುಳಿತ ಹುಡುಗ ಸಹ ಅದನ್ನೇ ಕೇಳುತ್ತಾನೆ. ಮಾಲು ಹೇಗಿದೆ ಎಂದು ನೋಡದೆ ಬೆಲೆ ಹೇಗೆ ಹೇಳುವುದು? ನಪಾಸಾದ ವಿದ್ಯಾರ್ಥಿ ಬರೆದದ್ದರಿಂದಲೇ ಆ ಪುಸ್ತಕಕ್ಕೆ ಆ ಕಣ್ಣು ಬಂದಿತು ಎಂದು ನನ್ನ ನಂಬಿಕೆ. ಮೊದಲ ಬೆಂಚಿನಲ್ಲಿ ಕುಳಿತವನಿಗೆ ಕಾಣದ ಎಷ್ಟೋ ಸಂಗತಿ ಕೊನೆಯ ಬೆಂಚಿನಿಂದ ಕಾಣುತ್ತವೆ.

ಮತ್ತೆ ಮತ್ತೆ ನಿರಾಕರಣೆ

ಪುಸ್ತಕ ಬರೆದಾಯಿತು, ಅಚ್ಚು ಮಾಡುವವರು ಯಾರು? ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದರು. ಸಣ್ಣಪುಟ್ಟ ಲೇಖನದಿಂದ ಅವರು ಮೊದಲ ವರ್ಷ ಗಳಿಸಿದ್ದು 9 ರೂಪಾಯಿ 12 ಆಣೆ. ಈ ನಡುವೆ 1933ರಲ್ಲಿ ಕೊಯಮತ್ತೂರಿನಲ್ಲಿ ಅಕ್ಕನ ಮನೆಗೆ ಹೋದಾಗ ರಾಜಂ ಎಂಬ ಹುಡುಗಿಯನ್ನು ಕಂಡು ಮೆಚ್ಚಿದರು. ಜಾತಕ ಕೂಡಲಿಲ್ಲ. ವರನಿಗೆ ನೌಕರಿ ಇರಲಿಲ್ಲ. ಎರಡನ್ನೂ ದಾಟಿ 1934ರಲ್ಲಿ ಮದುವೆಯಾಯಿತು. ಸಂಸಾರ ನಡೆಸಲು ಮದ್ರಾಸಿನ 'ಜಸ್ಟಿಸ್' ಪತ್ರಿಕೆಗೆ ಮೈಸೂರಿನ ವರದಿಗಾರರಾಗಿ ಊರೆಲ್ಲ ಸುತ್ತಿ ಸುದ್ದಿ ಕಳಿಸಿದರು. ಕೋರ್ಟು, ಪೊಲೀಸ್ ಠಾಣೆ, ಪೇಟೆ, ಮುನ್ಸಿಪಾಲಿಟಿ ಹೀಗೆ ನೂರು ತರಹದ ಜನರ ಪರಿಚಯವಾಯಿತು. ಅವರೆಲ್ಲ ಮುಂದೆ ಮಾಲ್ಗುಡಿಯ ನಿವಾಸಿಗಳಾದರು.

ಕಡೆಗೆ ಆಕ್ಸ್‌ಫರ್ಡಿನಲ್ಲಿದ್ದ ಪೂರ್ಣ ಎಂಬ ಗೆಳೆಯನಿಗೆ ಹಸ್ತಪ್ರತಿ ಕಳಿಸಿದರು. ಅಲ್ಲಿಯೂ ಯಾರೂ ಒಪ್ಪಲಿಲ್ಲ. ಬೇಸತ್ತ ನಾರಾಯಣ್ ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರು. ಗೆಳೆಯ ಹಾಗೆ ಮಾಡಲಿಲ್ಲ. ಪ್ರಸಿದ್ಧ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರಿಗೆ ಅದನ್ನು ತೋರಿಸಿದ. ಗ್ರೀನ್ ಓದಿ, ಮೆಚ್ಚಿ, ತಾವೇ ಪ್ರಕಾಶಕರಿಗೆ ಶಿಫಾರಸು ಮಾಡಿದರು. 1935ರಲ್ಲಿ ಪುಸ್ತಕ ಲಂಡನ್ನಿನಲ್ಲಿ ಹೊರಬಂದಿತು. ಉದ್ದ ಹೆಸರನ್ನು ಆರ್.ಕೆ. ನಾರಾಯಣ್ ಎಂದು ಮೊಟಕು ಮಾಡಿದ್ದೂ ಗ್ರೀನ್ ಅವರ ಸಲಹೆಯಿಂದ. ಇಲ್ಲಿ ಒಂದು ಮಾತು ಗಮನಿಸಬೇಕು. ನಾರಾಯಣ್ ಎಷ್ಟೇ ಪ್ರತಿಭಾವಂತರಾಗಿದ್ದರೂ ನದಿಗೆ ಹಾಕಬೇಡವೆಂದು ತಡೆದ ಒಬ್ಬ ಗೆಳೆಯ, ಓದಿ ನೋಡುವ ತಾಳ್ಮೆ ಇದ್ದ ಒಬ್ಬ ಹಿರಿಯ, ಇವರಿಬ್ಬರು ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮುಂದೆ 1937ರಲ್ಲಿ 'ದಿ ಬ್ಯಾಚುಲರ್ ಆಫ್ ಆರ್ಟ್ಸ್', 1938ರಲ್ಲಿ 'ದಿ ಡಾರ್ಕ್ ರೂಮ್' ಬಂದವು. ಹೆಸರು ಬಂತು, ಹಣ ಬರಲಿಲ್ಲ. ತಂದೆ ತೀರಿಕೊಂಡ ಮೇಲೆ ಮನೆಯ ಭಾರ ಬಿತ್ತು. 1939ರಲ್ಲಿ ವಿಷಮಶೀತ ಜ್ವರದಿಂದ ರಾಜಂ ತೀರಿಕೊಂಡರು. ಮಗಳು ಹೇಮಾಗೆ ಆಗ ಕೇವಲ ಮೂರು ವರ್ಷ. ನಾರಾಯಣ್ ಮತ್ತೆ ಮದುವೆಯಾಗಲಿಲ್ಲ. ಬಹುಕಾಲ ಏನನ್ನೂ ಬರೆಯಲಾಗದೆ ಕುಳಿತರು. ಆ ದುಃಖವೇ ಕೊನೆಗೆ 1945ರಲ್ಲಿ 'ದಿ ಇಂಗ್ಲಿಷ್ ಟೀಚರ್' ಎಂಬ ಕಾದಂಬರಿಯಾಯಿತು. ಅದರ ನಾಯಕ ಕೃಷ್ಣ ಒಬ್ಬ ಇಂಗ್ಲಿಷ್ ಅಧ್ಯಾಪಕ. ಹೆಂಡತಿಯನ್ನು ಕಳೆದುಕೊಂಡ ಅವನು ಕೊನೆಯಲ್ಲಿ ಕಾಲೇಜಿನ ನೌಕರಿ ಬಿಟ್ಟು ಚಿಕ್ಕ ಮಕ್ಕಳ ಶಾಲೆಯ ಕಡೆ ಹೋಗುತ್ತಾನೆ.

1958ರಲ್ಲಿ ಬಂದ 'ದಿ ಗೈಡ್' ಅವರನ್ನು ಎತ್ತರಕ್ಕೆ ಕೊಂಡೊಯ್ದಿತು. 1960ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ದೊರೆಯಿತು. ಇಂಗ್ಲಿಷ್ ಭಾಷೆಯ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮುಂದೆ ದೇವಾನಂದ್ ಅದನ್ನು ಸಿನಿಮಾ ಮಾಡಿದರು. 1964ರಲ್ಲಿ ಪದ್ಮಭೂಷಣ, ಆಮೇಲೆ ಪದ್ಮವಿಭೂಷಣ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯ 1967ರಲ್ಲಿ, ದಿಲ್ಲಿ ವಿಶ್ವವಿದ್ಯಾಲಯ 1973ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟವು. 1976ರಲ್ಲಿ ಅದೇ ಗೌರವ ಕೊಟ್ಟದ್ದು ಮೈಸೂರು ವಿಶ್ವವಿದ್ಯಾಲಯ. ಅರ್ಧ ಶತಮಾನದ ಹಿಂದೆ ಇಂಗ್ಲಿಷ್ ಸಾಲದೆಂದು ಬಾಗಿಲಲ್ಲಿ ನಿಲ್ಲಿಸಿದ್ದ ವಿಶ್ವವಿದ್ಯಾಲಯವೇ ಕರೆದು ಶಾಲು ಹೊದಿಸಿದಂತಾಯಿತು.

ತಮ್ಮನ ಕಥೆ

ಈ ಮನೆಯಲ್ಲಿ ಇನ್ನೊಂದು ಕಥೆ ಇದೆ. ನಾರಾಯಣ್ ಅವರ ಕೊನೆಯ ತಮ್ಮ ಆರ್.ಕೆ. ಲಕ್ಷ್ಮಣ್, 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಿಂದ ಗೋಡೆ, ನೆಲ, ಬಾಗಿಲು ಎಲ್ಲ ಕಡೆ ಚಿತ್ರ ಬರೆಯುತ್ತಿದ್ದ ಹುಡುಗ. ಹೈಸ್ಕೂಲು ಮುಗಿದ ಮೇಲೆ ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಇಲ್ಲವೆಂದು ಅಲ್ಲಿಂದ ಉತ್ತರ ಬಂದಿತು. ಲಕ್ಷ್ಮಣ್ ಅಣ್ಣ ಓದಿದ ಮಹಾರಾಜಾ ಕಾಲೇಜಿಗೇ ಸೇರಿ ಬಿ.ಎ. ಮಾಡಿದರು. ಓದುತ್ತಲೇ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ಕನ್ನಡದ ಹಾಸ್ಯ ಪತ್ರಿಕೆ 'ಕೊರವಂಜಿ'ಗೂ ವ್ಯಂಗ್ಯಚಿತ್ರ ಕೊಟ್ಟರು. ಮುಂದೆ ಅದೇ ಮುಂಬೈಯಲ್ಲಿ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆ ಸೇರಿ, ಚೌಕಳಿ ಕೋಟು ಧೋತರದ ಶ್ರೀಸಾಮಾನ್ಯನನ್ನು ಸೃಷ್ಟಿಸಿ ಐದು ದಶಕ ಕಾಲ ದೇಶವನ್ನು ನಗಿಸಿದರು. ಪ್ರವೇಶ ಕೊಡದಿದ್ದ ಕಲಾಶಾಲೆ ಮುಂದೆ ಅವರನ್ನು ಅತಿಥಿಯಾಗಿ ಭಾಷಣಕ್ಕೆ ಕರೆಯಿತು. ಹೆಡ್‌ಮಾಸ್ತರರ ಒಂದೇ ಮನೆಯ ಇಬ್ಬರು ಮಕ್ಕಳು, ಇಬ್ಬರಿಗೂ ತಾವು ಬಲ್ಲ ವಿದ್ಯೆಯಲ್ಲೇ ಅನರ್ಹರೆಂಬ ತೀರ್ಪು. ಅಳೆಯುವ ಕೋಲು ಕೆಲವು ಸಲ ಗಿಡ್ಡ ಇರುತ್ತದೆ ಎಂಬುದಕ್ಕೆ ಇನ್ನೇನು ಬೇಕು?

ರಾಜ್ಯಸಭೆಯಲ್ಲಿ ಮಕ್ಕಳ ಚೀಲ

1986ರಲ್ಲಿ ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡರು. ಎಂಬತ್ತು ತುಂಬುತ್ತಿದ್ದ ಆ ಹಿರಿಯರು ಅಲ್ಲಿ ಮಾತನಾಡಿದ್ದು ಬಹಳ ಕಡಿಮೆ. ಆದರೆ 1989ರಲ್ಲಿ ಮಾಡಿದ ಒಂದು ಭಾಷಣ ಇಂದಿಗೂ ನೆನಪಿನಲ್ಲಿದೆ. ಅದರ ವಿಷಯ ಶಾಲೆಯ ಮಕ್ಕಳು ಹೊರುವ ಚೀಲದ ಭಾರ. ಮಕ್ಕಳು ಬೆನ್ನು ಬಾಗಿಸಿಕೊಂಡು ನಡೆಯುವುದನ್ನು, ಬೆಳಿಗ್ಗೆಯಿಂದ ಸಂಜೆಯವರೆಗೆ ಶಾಲೆ, ಮನೆಪಾಠ ಎಂದು ಆಟವೇ ಇಲ್ಲದೆ ಬಾಲ್ಯ ಕಳೆದುಹೋಗುವುದನ್ನು ಅವರು ಸಭೆಯ ಮುಂದಿಟ್ಟರು. ಕೇಳಿದವರ ಮನಸ್ಸು ಕರಗಿತು. ಈ ಚರ್ಚೆ ಬೆಳೆದು 1992ರಲ್ಲಿ ಕೇಂದ್ರ ಸರಕಾರ ವಿಜ್ಞಾನಿ ಪ್ರೊ. ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1993ರಲ್ಲಿ ಬಂದ ಅದರ ವರದಿ, ಚೀಲದ ಭಾರಕ್ಕಿಂತ ಅರ್ಥವಾಗದೆ ಕಲಿಯುವ ಭಾರ ದೊಡ್ಡದು ಎಂಬ ತಿಳುವಳಿಕೆಯನ್ನು ದೇಶಕ್ಕೆ ಕೊಟ್ಟಿತು. ದೇಶದ ಮೇಲ್ಮನೆಯಲ್ಲಿ ಕುಳಿತರೂ ಆ ಮುದುಕನ ಒಳಗೆ ಸ್ವಾಮಿ ಇನ್ನೂ ಬದುಕಿದ್ದ.

ನಾರಾಯಣ್ 2001ರ ಮೇ 13ರಂದು ಚೆನ್ನೈಯಲ್ಲಿ ತೀರಿಕೊಂಡರು. ಮೈಸೂರಿನ ಯಾದವಗಿರಿಯಲ್ಲಿ ಅವರು ಕಟ್ಟಿಸಿ ಬಾಳಿದ ಮನೆಯನ್ನು ಮಹಾನಗರ ಪಾಲಿಕೆ ವಸ್ತುಸಂಗ್ರಹಾಲಯ ಮಾಡಿದೆ. ಶಾಲಾ ಪ್ರವಾಸಕ್ಕೆ ಮೈಸೂರಿಗೆ ಹೋದಾಗ ಅರಮನೆ, ಮೃಗಾಲಯದ ಜೊತೆಗೆ ಆ ಮನೆಯನ್ನೂ ಮಕ್ಕಳಿಗೆ ತೋರಿಸಬೇಕೆಂದು ಗುರುಗಳಲ್ಲಿ ನನ್ನ ವಿನಂತಿ.

ನಮ್ಮ ಮಕ್ಕಳಿಗೆ ಆ ಒಂದು ವರ್ಷ

ಇಲ್ಲಿಗೆ ನಿಲ್ಲಿಸಿದರೆ ಇದು ಸುಲಭದ ನೀತಿಕಥೆಯಾಗುತ್ತದೆ. ನಪಾಸಾದರೂ ಚಿಂತೆಯಿಲ್ಲ, ಎಲ್ಲರೂ ನಾರಾಯಣ್ ಆಗುತ್ತಾರೆ ಎಂದು ಹೇಳುವುದು ಸುಳ್ಳು. ಅವರಿಗೆ ಹೆಡ್‌ಮಾಸ್ತರ ಅಪ್ಪ ಇದ್ದರು, ಮನೆಯಲ್ಲಿ ಪುಸ್ತಕ ಇದ್ದವು, ಒಂದು ವರ್ಷ ಕೂತು ಉಣ್ಣಲು ಅನ್ನ ಇತ್ತು. ನಮ್ಮ ಊರಿನಲ್ಲಿ ನಪಾಸಾದ ಹುಡುಗನಿಗೆ ಆ ವರ್ಷ ಸಿಗುವುದಿಲ್ಲ. ಫಲಿತಾಂಶ ಬಂದ ವಾರದೊಳಗೆ ಅವನು ಹುಬ್ಬಳ್ಳಿಯ ಗ್ಯಾರೇಜಿಗೋ ಗೌಂಡಿ ಕೆಲಸಕ್ಕೋ ಹೋಗಿರುತ್ತಾನೆ. ಹುಡುಗಿಯಾದರೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುತ್ತಾಳೆ, ಇಲ್ಲವೆ ಮನೆಗೆ ವರ ನೋಡಲು ಬರುತ್ತಾರೆ. ನಮ್ಮ ಬ್ಯಾಚಿನಲ್ಲಿಯೂ ಇಂಗ್ಲಿಷ್ ಒಂದರಲ್ಲೇ ಉಳಿದು ಶಾಲೆಯ ದಾರಿ ಬಿಟ್ಟವರಿದ್ದರು. ಕನ್ನಡದಲ್ಲಿ, ಸಮಾಜದಲ್ಲಿ ನನಗಿಂತ ಮುಂದಿದ್ದವರು ಅವರು. ನಾರಾಯಣ್ ಅವರಿಗೂ ಇವರಿಗೂ ಬುದ್ಧಿಯಲ್ಲಿ ಎಷ್ಟು ಅಂತರವಿತ್ತೋ ಹೇಳಲಾರೆ. ಆ ಒಂದು ವರ್ಷದ ಅಂತರ ಮಾತ್ರ ಕಣ್ಣಿಗೆ ಕಾಣುವಂಥದ್ದು.

ಇಂದು ಕಾನೂನು, ನಿಯಮ ಆಗಿನದಕ್ಕಿಂತ ಮೆತ್ತಗಾಗಿವೆ. ಅದನ್ನು ಪಾಲಕರು ತಿಳಿದಿರಬೇಕು. 2023-24ನೇ ಸಾಲಿನಲ್ಲಿ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ 1, 2, 3 ಎಂದು ಒಂದೇ ವರ್ಷದಲ್ಲಿ ಮೂರು ಅವಕಾಶ ಕೊಡುವ ಪದ್ಧತಿ ಆರಂಭವಾಯಿತು. ಉಳಿದ ವಿಷಯವನ್ನಷ್ಟೇ ಮತ್ತೆ ಬರೆದು ಅದೇ ವರ್ಷ ಪಿ.ಯು. ಸೇರುವ ದಾರಿ ಇದೆ. ಹತ್ತನೆಯ ತರಗತಿಯ ಅಂಕ ಕಡಿಮೆಯಾದರೆ ಇಂಜಿನಿಯರಿಂಗ್ ಮುಗಿಯಿತು ಎಂದು ತಿಳಿಯುವವರು ಬಹಳ. ಸಿ.ಇ.ಟಿ. ರ‍್ಯಾಂಕಿಗೆ ಹತ್ತನೆಯ ಅಂಕ ಹಿಡಿಯುವುದೇ ಇಲ್ಲ. ದ್ವಿತೀಯ ಪಿ.ಯು.ದ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ, ಸಿ.ಇ.ಟಿ. ಅಂಕಕ್ಕೆ ಅರ್ಧ ತೂಕ. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ನೇರ ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು. ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಮೊದಲ ನೌಕರಿಗೆ ಹತ್ತನೆಯ ತರಗತಿಯಿಂದ ಎಲ್ಲದರಲ್ಲೂ 60 ಪ್ರತಿಶತ ಕೇಳುವ ಕಂಪನಿಗಳಿವೆ ಎಂಬುದು ನಿಜ. ಹಾಗೆಂದು ಅಂಕಕ್ಕೆ ಬೆಲೆಯಿಲ್ಲ ಎಂದು ಯಾವ ವಿದ್ಯಾರ್ಥಿಯೂ ತಿಳಿಯಬಾರದು. ಆದರೆ ನಾಲ್ಕು ವರ್ಷ ಕೆಲಸ ಮಾಡಿ ತೋರಿಸಿದ ಮೇಲೆ ಆ ಅಂಕಪಟ್ಟಿಯನ್ನು ಕೇಳುವವರು ಅಪರೂಪ. ಅಲ್ಲಿಯವರೆಗೆ ತಲುಪಲು ದಾರಿ ಬೇಕು, ದಾರಿಯಲ್ಲಿ ಬಿದ್ದವನನ್ನು ಎಬ್ಬಿಸುವ ಕೈ ಬೇಕು.

ನಿಯಮ ಮತ್ತೆ ಅವಕಾಶ ಕೊಡುತ್ತದೆ, ಆದರೆ ಮಗುವನ್ನು ಎರಡನೆಯ ಪರೀಕ್ಷೆಯ ಕೊಠಡಿಯವರೆಗೆ ಕರೆತರಬೇಕಾದವರು ನಾವು. ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಸೂಚನೆ ಇಡುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ಫಲಕ ಎಲ್ಲ ಆಗಲಿ. ಅದರ ಜೊತೆಗೆ ಬೇಸಿಗೆಯಲ್ಲೂ ತೆರೆದಿರುವ ಒಂದು ಓದುವ ಕೋಣೆ ಆಗಲಿ. ಫಲಿತಾಂಶ ಬಂದ ಮರುದಿನದಿಂದ ನಪಾಸಾದ ಮಕ್ಕಳ ಪಟ್ಟಿ ಹಿಡಿದು ಮನೆ ಮನೆಗೆ ಹೋಗುವ ನಾಲ್ಕು ಜನರ ಒಂದು ತಂಡ ಆಗಲಿ. ಮರುಪರೀಕ್ಷೆಯ ಫೀ ತುಂಬಲು, ಇಂಗ್ಲಿಷ್, ಗಣಿತ ಹೇಳಿಕೊಡಲು ಊರಿನಲ್ಲಿರುವ ಪದವೀಧರರಿಗೆ ಗೌರವಧನ ಕೊಡಲು ದೂರದೂರಲ್ಲಿರುವ ನಾವು ಹಣ ಕೂಡಿಸೋಣ. ಮೊದಲ ವರ್ಷದ ಇಂಗ್ಲಿಷ್ ವಿಷಯದ ಮರುಪರೀಕ್ಷೆ ಫೀ ಪೂರ್ತಿ ನನ್ನ ಕಡೆಯಿಂದ ಎಂದು ಇಲ್ಲಿಯೇ ತಿಳಿಸುತ್ತೇನೆ. ತಾಯಂದಿರು, ಹಿರಿಯರು ಮಾಡಬೇಕಾದದ್ದು ಒಂದೇ. ಹುಡುಗಿ ನಪಾಸಾದಳೆಂದು ಆ ವರ್ಷವೇ ವರ ಹುಡುಕಬೇಡಿರಿ. ಮರುಪರೀಕ್ಷೆ ಮುಗಿಯುವತನಕವಾದರೂ ತಾಳಿರಿ.

ನಮ್ಮ ಶಾಲೆಯ ಐವತ್ತು ವರ್ಷಗಳ ಹಾಜರಿ ಪುಸ್ತಕಗಳಲ್ಲಿ ಪಾಸಾದವರ ಹೆಸರಿನಷ್ಟೇ ಶಾಲೆ ಬಿಟ್ಟವರ ಹೆಸರೂ ಇವೆ. ಅವರಲ್ಲಿ ಯಾರು ಕಥೆಗಾರರಾಗಬಹುದಿತ್ತು, ಯಾರು ಚಿತ್ರಗಾರರಾಗಬಹುದಿತ್ತು, ಯಾರು ಒಳ್ಳೆಯ ಮಾಸ್ತರರಾಗಬಹುದಿತ್ತು ಎಂದು ಈಗ ಹೇಳಲಾಗದು. ಮುಂದಿನ ಐವತ್ತು ವರ್ಷಗಳ ಪುಸ್ತಕದಲ್ಲಿ ಅಂಥ ಹೆಸರುಗಳು ಕಡಿಮೆಯಾಗಲಿ.